ಚಲುವಮ್ಮನ ಹೆಬ್ಬೆಟ್ಟು

ಚಲುವಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಹಳೇಬೀಡಿನ ಕೆರೆ ಕಡೆಯ ಬೀದಿಯವರೆಲ್ಲ ಹೇಳುತ್ತಿದ್ದರು. ಹೇಳಲಿ. ಹಾಲಿಗೆ ನೀರು ಬೆರೆಸಿದವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಕೇಳಿದ್ದು ತಪ್ಪೇ? ನಲ್ಲಿಯ ಹತ್ತಿರ ಹಿಂದಿನಿಂದ ಬಂದು ಮುಂದೆ ಇಟ್ಟವಳ ಕೊಡವನ್ನು ಕಾಲಲ್ಲಿ ಒದ್ದದ್ದು ಸ್ವಲ್ಪ ಹೆಚ್ಚಾಯಿತು, ಒಪ್ಪೋಣ. ಆದರೆ ಕಾರಣವಿಲ್ಲದೆ ಕೂಗಾಡುವ ಹೆಂಗಸು ಅವಳಲ್ಲ. ಅವಳ ಜೀವಮಾನದ ದೊಡ್ಡ ಸಿಟ್ಟು ಯಾವುದು, ಯಾಕೆ ಬಂತು ಅನ್ನುವುದನ್ನು ಪೂರ್ತಿ ಕೇಳಿದ ಮೇಲೆ ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಅವಳ ಗಂಡ ಶಿವಯ್ಯ ಮರ ಕಡೆಯುವವನು. ಮನೆಯ ಪಕ್ಕಕ್ಕೆ ಶೀಟು ಇಳಿಸಿ, ಅಲ್ಲೊಂದು ಲೇತ್ ಮಿಷನ್ ಇಟ್ಟುಕೊಂಡು ಮೊದಲೆಲ್ಲ ಲಟ್ಟಣಿಗೆ, ಬುಗುರಿ, ಮಂಚದ ಕಾಲು ಮಾಡುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅರಸೀಕೆರೆಯ ಇಂದುಧರ ಅನ್ನುವವನು ಬಂದು ಮರದ ಪೆನ್ನಿನ ಕೆಲಸ ಹಿಡಿಸಿದ. ಮರ ಅವನೇ ಕೊಡುತ್ತಿದ್ದ, ಆದ ಪೆನ್ನುಗಳನ್ನು ಅವನೇ ಒಯ್ದು ದೂರದ ಊರುಗಳ ಅಂಗಡಿಗಳಿಗೆ ಕಳಿಸುತ್ತಿದ್ದ.

ಆ ಮರವೂ ಅಂತಿಂಥದ್ದಲ್ಲ. ಗೆದ್ದಲು ಹಿಡಿದ ಮಾವಿನ ಬೊಡ್ಡೆ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ತೆಂಗಿನ ಬುಡ, ಒಲೆಗೂ ಬೇಡವಾದ ಇಂಥವನ್ನು ಇಂದುಧರ ಬೆರಳುದ್ದದ ತುಂಡು ಮಾಡಿ ಚೆನ್ನಾಗಿ ಒಣಗಿಸುತ್ತಿದ್ದ. ಆಮೇಲೆ ಮುಚ್ಚಳ ಬಿಗಿದ ಪಾತ್ರೆಯಲ್ಲಿ ಎಣ್ಣೆಯಂಥ ಒಂದು ಔಷಧಿಯಲ್ಲಿ ಮುಳುಗಿಸಿ, ಮಿಷನ್ನಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಸುತ್ತಿದ್ದ. ಮರ ಗುಳುಗುಳು ಗುಳ್ಳೆ ಬಿಟ್ಟು, ಗಾಳಿ ಇದ್ದ ಜಾಗಕ್ಕೆಲ್ಲ ಔಷಧಿ ಕುಡಿಯುತ್ತಿತ್ತು. ಬೇಕರಿಯೊಂದರಿಂದ ತಂದ ಹಳೇ ಓವನ್ನಿನಲ್ಲಿ ಕಾಯಿಸಿದರೆ ಒಳಗಿನದು ಹೆಪ್ಪುಗಟ್ಟಿ, ಪುಡಿಯಾಗುತ್ತಿದ್ದ ಮರ ಕಲ್ಲಿನ ಹಾಗೆ ಗಟ್ಟಿಯಾಗಿ ಹೊರಗೆ ಬರುತ್ತಿತ್ತು. ಶಿವಯ್ಯ ಅದಕ್ಕೆ ಕುಡುಕ ಮರ ಎಂದು ಹೆಸರಿಟ್ಟಿದ್ದ.

"ಕುಡ್ದ್ ಮೇಲೆ ನೆಟ್ಟಗೆ ನಿಲ್ಲೋದು ಲೋಕದಲ್ಲಿ ಇದೊಂದೇ ಕಣೇ," ಎಂದು ನಗುತ್ತಿದ್ದ.

ಕಡೆಯುವುದು ಶಿವಯ್ಯನ ಪಾಲು, ಉಜ್ಜುವುದು ಚಲುವಮ್ಮನ ಪಾಲು. ಮೊದಮೊದಲು ಶಿವಯ್ಯ ಬುಗುರಿಗೆ ಹಚ್ಚುವ ಹಾಗೆ ಈ ಪೆನ್ನುಗಳಿಗೂ ಅರಗು ಹಚ್ಚಿ ನೋಡಿದ್ದ. ಹೊಟ್ಟೆ ತುಂಬ ಕುಡಿದ ಮರಕ್ಕೆ ಅರಗು ಹಿಡಿಯಲಿಲ್ಲ, ವಾರದೊಳಗೆ ಸಿಪ್ಪೆ ಎದ್ದು ಬಂತು. ಈ ಮರಕ್ಕೆ ಮೇಲಿಂದ ಹಚ್ಚುವಂಥದ್ದೇನೂ ಇಲ್ಲ, ಹೊಳಪು ಬರಬೇಕಾದರೆ ಉಜ್ಜಿ ಉಜ್ಜಿಯೇ ಬರಬೇಕು. ಮೊದಲು ಒರಟು ಸ್ಯಾಂಡ್ ಪೇಪರು, ಆಮೇಲೆ ಅದಕ್ಕಿಂತ ನಯವಾದದ್ದು, ಕಡೆಕಡೆಗೆ ನೀರಲ್ಲಿ ನೆನೆಸಿದ ವಾಟರ್ ಪೇಪರು. ಒಂದೊಂದು ಪೇಪರು ಮುಗಿದಾಗಲೂ ಮಿಷನ್ ನಿಲ್ಲಿಸಿ, ಪೆನ್ನಿನ ಉದ್ದಕ್ಕೆ ಉಜ್ಜಿ ಸುತ್ತುಗೀರು ಅಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಒಂದು ಗೀರು ಉಳಿದಿದ್ದರೂ ಮುಂದಿನ ಪೇಪರು ಮುಟ್ಟುವಂತಿಲ್ಲ. ಅವಸರ ಮಾಡಿ ಒತ್ತಿದರೆ ಬಿಸಿಯೇರಿ, ಒಳಗಿನ ಹಿತ್ತಾಳೆ ಕೊಳವೆಯ ಮೇಲೆ ಮರ ಬಿರಿದುಕೊಳ್ಳುತ್ತದೆ.

ಬಿಸಿ ಎಷ್ಟಿದೆ ಎಂದು ತಿಳಿಯುವುದಕ್ಕೆ ಪೇಪರಿನ ಹಿಂದೆ ಬರಿಯ ಹೆಬ್ಬೆಟ್ಟೇ ಇರಬೇಕು. ಬಟ್ಟೆ ಸುತ್ತಿಕೊಂಡರೆ ಗೊತ್ತಾಗುವುದಿಲ್ಲ. ಹಾಗಾಗಿ ಚಲುವಮ್ಮ ವರ್ಷಗಟ್ಟಲೆ ಬರಿಗೈಯಲ್ಲೇ ಉಜ್ಜಿದಳು. ಪೇಪರಿನ ಅಂಚು ದಾಟಿ ಬೆರಳು ತಿರುಗುವ ಮರಕ್ಕೆ ತಾಗುತ್ತಿತ್ತು, ಕೊನೆಯ ಹೊಳಪನ್ನೂ ಎರಡೂ ಹೆಬ್ಬೆಟ್ಟುಗಳಲ್ಲಿ ತಿಕ್ಕಿಯೇ ಬರಿಸುತ್ತಿದ್ದಳು. ಇತ್ತೀಚೆಗೆ ಹೂ ಕಟ್ಟುವಾಗ ದಾರ ಬೆರಳಿಗೆ ನಿಲ್ಲದೆ ಜಾರುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಅವಳು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಇನ್ನು ಅಣ್ಣನ ವಿಷಯ. ಚಲುವಮ್ಮನ ತವರು ಹಗರೆ. ಅಪ್ಪ ಮೊದಲೇ ಹೋಗಿದ್ದ, ಅವ್ವ ಕೆಂಪಲಕ್ಷ್ಮಮ್ಮ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಅಣ್ಣ ರಾಮಣ್ಣ, ಅತ್ತಿಗೆ ಗಿಡ್ಡಮ್ಮ. ಅವ್ವ ಇರುವ ತನಕ ಗೌರಿ ಹಬ್ಬಕ್ಕೆ ಬಾಗಿನ ತಪ್ಪುತ್ತಿರಲಿಲ್ಲ. ಅವ್ವ ಹೋದ ವರ್ಷವೇ ಬಾಗಿನವೂ ನಿಂತಿತು. ಹಬ್ಬದ ದಿನ ಅಕ್ಕಪಕ್ಕದ ಹೆಂಗಸರ ಮನೆಗೆ ಅಣ್ಣತಮ್ಮಂದಿರು ಬಸ್ಸಿಳಿದು ಬರುವುದನ್ನು ನೋಡುತ್ತಾ ಚಲುವಮ್ಮ ಒಳಗೊಳಗೇ ಕುದಿಯುತ್ತಿದ್ದಳು. ಕೇಳಿದವರಿಗೆ ಮಾತ್ರ, "ನಮ್ಮಣ್ಣಂಗೆ ಕೆಲ್ಸ ಜಾಸ್ತಿ," ಅನ್ನುತ್ತಿದ್ದಳು.

ಎರಡು ಸಾವಿರದ ಏಳನೇ ಇಸವಿಯ ಗೌರಿ ಹಬ್ಬಕ್ಕೆ ರಾಮಣ್ಣ ಬಂದೇಬಿಟ್ಟ. ಮೊರದ ಬಾಗಿನ, ಸೀರೆ, ಬಳೆ, ಒಂದು ಗೊನೆ ಬಾಳೆಹಣ್ಣು.

"ಏನಣ್ಣ, ದಾರಿ ತಪ್ಪಿ ಬಂದ್ಯಾ?" ಅಂದಳು ಚಲುವಮ್ಮ. ಅಂದರೂ ಕಣ್ಣು ತುಂಬಿತ್ತು.

ರಾಮಣ್ಣ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಆಮೇಲೆ ವಿಷಯಕ್ಕೆ ಬಂದ. "ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸ್ಬೇಕು ಅಂತ ಐತೆ ಚಲುವಿ. ಮನೆ, ರೋಡ್ ಕಡೆ ಜಮೀನು ಎಲ್ಲಾ ನನ್ ಹೆಸ್ರಿಗೆ ಮಾಡ್ಕಬೇಕು. ಹೆಣ್ಮಕ್ಳಿಗೂ ಪಾಲು ಅಂತ ಕಾನೂನು ಬಂದೈತಲ್ಲ, ನಂಗೇನೂ ಬ್ಯಾಡ ಅಂತ ನಿಂದೊಂದು ಸೈನು, ಹೆಬ್ಬೆಟ್ಟು ಬೇಕಂತೆ. ಬೇಲೂರ್ಗೆ ಬಂದು ಹಾಕ್ಬುಟ್ಟು ಹೋಗವ್ವ."

"ಓಹೋ! ಅದಕ್ಕಾ ಮೊರ ಹೊತ್ಕೊಂಡ್ ಬಂದಿದ್ದು?"

ರಾಮಣ್ಣ ಹಲ್ಲು ಕಿರಿದ. ನಾಚಿಕೆಗೆಟ್ಟವನು. ಅಲ್ಲೇ ಅವನ ಮುಖಕ್ಕೆ ಬಾಗಿನ ಎಸೆದು ಅರ್ಧ ಪಾಲು ಕೇಳಬಹುದಿತ್ತು ಅವಳು. ಕೇಳಲಿಲ್ಲ. ತವರಿನ ಮೇಲಿನ ಆಸೆ ಅನ್ನುವುದು ಎಂಥ ಬಾಯಿಬಡುಕಿಯ ಬಾಯನ್ನೂ ಕಟ್ಟಿಹಾಕುತ್ತದೆ. ಅವಳು ಕೇಳಿದ್ದು ಒಂದೇ ಒಂದು.

"ಮನೆ ಕೆಡುವ್ದಾಗ ಅವ್ವನ ಹೊಸ್ಲು ನಂಗ್ ಕೊಡು. ಬೇರೇನೂ ಬ್ಯಾಡ."

ಆ ಹೊಸ್ತಿಲನ್ನು ಕೆಂಪಲಕ್ಷ್ಮಮ್ಮ ಮದುವೆಯಾಗಿ ಬಂದ ದಿನದಿಂದ ಹಾಸಿಗೆ ಹಿಡಿಯುವ ತನಕ ಬೆಳಬೆಳಗ್ಗೆ ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಹೂವೇರಿಸಿದ್ದಳು. ಅದರ ನಡುವೆ ಒಂದು ತೂತಿನ ತಾಮ್ರದ ಕಾಸನ್ನು ಮೊಳೆ ಹೊಡೆದು ಕೂರಿಸಿದ್ದರು. ಚಿಕ್ಕಂದಿನಲ್ಲಿ ಚಲುವಮ್ಮ ಅದರ ಮೇಲೆ ಕಾಲಿಟ್ಟರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. "ಲಕ್ಷ್ಮಿ ಕಣೇ ಅದು, ದಾಟು, ತುಳೀಬ್ಯಾಡ," ಎಂದು ಬೈಯುತ್ತಿದ್ದಳು ಅವ್ವ. ಮದುವೆಯಾಗಿ ಹೊರಟ ದಿನ ಅದೇ ಹೊಸ್ತಿಲ ಹತ್ತಿರ ಮಗಳ ಕೈ ಹಿಡಿದು, "ಈ ಹೊಸ್ಲು ಇರೋಗಂಟ ಇದು ನಿನ್ನ ಮನೇನೂ ಹೌದು ಮಗಾ," ಅಂದಿದ್ದಳು. ಚಲುವಮ್ಮ ಅದನ್ನು ಮರೆತಿರಲಿಲ್ಲ.

"ಅಷ್ಟೇನಾ!" ಅಂದ ರಾಮಣ್ಣ. "ಹುಳ ಹಿಡ್ದಿರೋ ಮರ ಅದು. ತಲೆ ಮೇಲೆ ಹೊತ್ಕೊಂಡ್ ಬಂದು ಕೊಡ್ತೀನಿ ಹೋಗು."

ದೀಪಾವಳಿ ಕಳೆದ ಮೇಲೆ ಬೇಲೂರಿಗೆ ಹೋದರು. ಅಷ್ಟರಲ್ಲಿ ಹಗರೆಯ ಮನೆ ಕೆಡವಿ ಆಗಿತ್ತು. ಹೊಸ್ತಿಲು ಎಲ್ಲಿ ಎಂದರೆ ರಾಮಣ್ಣ, "ಜೋಪಾನವಾಗಿ ಎತ್ತಿಟ್ಟೀವ್ನಿ, ಹೆಬ್ಬೆಟ್ಟು ಒತ್ತಿ ಆದ್ಮೇಲೆ ಬಂದು ತಗಂಡೋಗು," ಅಂದ. ನೋಂದಣಿ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಚಲುವಮ್ಮ ಇಸ್ಕೂಲಿನಲ್ಲಿ ಕಲಿತ ಅಕ್ಷರದಲ್ಲಿ ನಿಧಾನವಾಗಿ ಸೈನು ಹಾಕಿದಳು. ಆಮೇಲೆ ಪುಟ್ಟ ಗಾಜಿನ ಪೆಟ್ಟಿಗೆಯ ಮೇಲೆ ಹೆಬ್ಬೆಟ್ಟು ಇಡಿ ಅಂದರು. ಇಟ್ಟಳು. ಏನೂ ಬರಲಿಲ್ಲ. ಒರೆಸಿ ಇಟ್ಟಳು, ಒತ್ತಿ ಇಟ್ಟಳು, ಇನ್ನೊಂದು ಕೈಯದು ಇಟ್ಟಳು. ಕೊನೆಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿಸಿದರು. ಒಂದು ಗೆರೆಯೂ ಇಲ್ಲ, ಬರೀ ಕಪ್ಪು ಮಚ್ಚೆ.

"ಏನ್ ಕೆಲಸ ಮಾಡ್ತೀರಮ್ಮ?" ಎಂದು ಅಧಿಕಾರಿ ಕೇಳಿದರು.

"ಪೆನ್ ಉಜ್ತೀನಿ ಸ್ವಾಮಿ."

ಅವರು ಅವಳ ಬೆರಳನ್ನು ಬೆಳಕಿಗೆ ಹಿಡಿಸಿ ನೋಡಿದರು. "ಗೆರೆಯೆಲ್ಲ ಸವೆದು ಹೋಗಿದೆ. ಗುರುತು ಬರದೆ ನಾನು ಮಾಡೋ ಹಾಗಿಲ್ಲ. ಒಂದು ತಿಂಗಳು ಆ ಕೆಲಸ ಬಿಡಿ, ಮತ್ತೆ ಬರುತ್ತೆ. ಆಮೇಲೆ ಬನ್ನಿ." ಒಳ್ಳೆಯ ಮಾತಲ್ಲೇ ಹೇಳಿದರು.

ಹೊರಗೆ ಬಂದದ್ದೇ ರಾಮಣ್ಣನ ಬಾಯಿ ಬಿಚ್ಚಿತು. ಬಾಂಡು ಬರೆಯುವವರು, ಟೀ ಕುಡಿಯುವವರು, ಎಲ್ಲರ ಮುಂದೆ. "ದರಿದ್ರದೋಳೇ, ತಿಕ್ಕಿ ತಿಕ್ಕಿ ಹೆಬ್ಬೆಟ್ಟನ್ನೂ ತಿಂದ್ಕೊಂಡಿದ್ದೀಯಲ್ಲೇ! ಮನುಷ್ಯರು ಮಾಡೋ ಕೆಲ್ಸಾನಾ ಅದು? ಇವತ್ತಿಂದ ಕೈ ಕಟ್ಕೊಂಡ್ ಕೂತ್ಕಾ. ಪೆನ್ನು ಗಿನ್ನು ಮುಟ್ಟಿದ್ರೆ ನೋಡು!"

ಹಳೇಬೀಡಿನಲ್ಲಿ ಹೇಳಿದರೆ ಯಾರೂ ನಂಬಲಾರರು, ಆ ದಿನ ಚಲುವಮ್ಮ ತುಟಿ ಎರಡು ಮಾಡಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಅವಳ ಕೈಯಿಂದ ದಾಟಿದ ಪೆನ್ನುಗಳು ಎಲ್ಲೆಲ್ಲಿಯ ಜನರ ಜೇಬಿನಲ್ಲಿವೆಯೋ, ಇವನು ಬೀದಿಯಲ್ಲಿ ನಿಂತು ಅವಳನ್ನು ಹೀಗೆ ಬೈಯುತ್ತಾನೆ! ಆದರೂ ಮಾತು ಕೊಟ್ಟಾಗಿತ್ತು. ಹೊಸ್ತಿಲು ಅವನ ಹತ್ತಿರವಿತ್ತು. ನುಂಗಿಕೊಂಡು ಬಸ್ಸು ಹತ್ತಿದಳು.

ನಿಜವಾಗಿಯೂ ಉಜ್ಜುವುದನ್ನು ಬಿಟ್ಟಳು. ಬೆಳಗ್ಗೆ ಎದ್ದರೆ ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದು ನೋಡುವುದು, ಬಿಟ್ಟರೆ ಶಿವಯ್ಯನ ಕೆಲಸ ನೋಡಿ ಹಲ್ಲು ಕಡಿಯುವುದು. ಶಿವಯ್ಯನೇ ಉಜ್ಜುತ್ತಿದ್ದ, ಅಂದರೆ ಕೆಡಿಸುತ್ತಿದ್ದ. ಗಟ್ಟಿಯಾಗಿ ಒತ್ತಿ ನಾಲ್ಕಾರು ಪೆನ್ನು ಬಿರಿಸಿದ. ಉಳಿದವಕ್ಕೆ ಮೈತುಂಬ ಸುತ್ತುಗೀರು. ಇಂದುಧರ ಬಂದು ನೋಡಿ, "ಶಿವಣ್ಣ, ಇದು ಪೆನ್ನೋ, ಸೌತೇಕಾಯೋ?" ಎಂದು ಅವನ್ನೆಲ್ಲ ಅಲ್ಲೇ ಬಿಟ್ಟು ಹೋದ.

"ಉಜ್ಜದ್ರಲ್ಲಿ ಏನೈತೆ ಅಂತಿದ್ರಲ್ಲ? ಈಗ ಗೊತ್ತಾಯ್ತಾ?" ಎಂದು ಚಲುವಮ್ಮ ಗಂಡನ ಮೇಲೆ ಹರಿಹಾಯ್ದಳು.

"ನಾನ್ ಯಾವತ್ತು ಹಂಗಂದೆ? ಅಂದೋನು ನಿಮ್ಮಣ್ಣ," ಅಂದ ಶಿವಯ್ಯ. ಅದೂ ನಿಜವೇ.

ಹೆಬ್ಬೆಟ್ಟಿನಲ್ಲಿ ಸಣ್ಣಗೆ ಗೆರೆ ಮೂಡತೊಡಗಿದಾಗ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಸ್ತಿಲನ್ನಾದರೂ ತಂದುಬಿಡೋಣ ಎಂದು ಒಬ್ಬಳೇ ಹಗರೆಗೆ ಹೋದಳು. ಮನೆಯಿದ್ದ ಜಾಗದಲ್ಲಿ ಹೊಸ ಪಾಯ ಎದ್ದಿತ್ತು. ಹಿಂದುಗಡೆ ತಾತ್ಕಾಲಿಕವಾಗಿ ಹಾಕಿದ್ದ ಶೀಟಿನ ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದರು. ಆ ಮನೆಗೂ ಬಚ್ಚಲಿಗೂ ನಡುವೆ ಗಂಜಲ, ಮುಸುರೆ ನೀರು ಹರಿಯುವ ಮೋರಿ. ಮೋರಿಯ ಮೇಲೆ ದಾಟಲು ಅಡ್ಡ ಹಾಕಿದ್ದ ಹಲಗೆ. ಗಿಡ್ಡಮ್ಮ ಬಟ್ಟೆಯ ಬಕೆಟ್ ಹಿಡಿದು ಅದರ ಮೇಲೆ ಕೆಸರುಗಾಲಲ್ಲಿ ನಡೆದು ಈಚೆ ಬಂದಳು. ಹಲಗೆಯ ನಡುವೆ ತೂತಿನ ತಾಮ್ರದ ಕಾಸು ಇತ್ತು.

ಚಲುವಮ್ಮ ನಿಂತಲ್ಲೇ ನಿಂತಳು.

"ಅಯ್ಯೋ, ಯಾಕ್ ಚಲುವಿ ಹಂಗ್ ನಿಂತೆ?" ಅಂದಳು ಗಿಡ್ಡಮ್ಮ. "ಹಲಗೆ ಮೇಲೆ ಕಾಲಿಟ್ಟು ಬಾ. ಗಟ್ಟಿಯಾಗೈತೆ, ಜಾರಲ್ಲ."

"ಕಾಲಿಟ್ಟು ಬರ್ಬೇಕಾ? ಅವ್ವನ ಹೊಸ್ಲು ಕಣೇ ಅದು! ಅರಿಶಿಣ ಕುಂಕುಮ ಇಟ್ಟು ಕೈ ಮುಗೀತಿದ್ದ ಹೊಸ್ಲು! ಮೋರಿಗ್ ಹಾಕಿ ತುಳೀತಿದ್ದೀರಾ? ನಿಮ್ ಕಾಲಿಗೆ ಹುಳ ಬೀಳಾ! ಅನ್ನ ತಿಂತೀರಾ, ಏನ್ ತಿಂತೀರಾ ನೀವು?" ಕೂಗು ಕೇಳಿ ಪಾಯ ಹಾಕುತ್ತಿದ್ದ ಗಾರೆ ಕೆಲಸದವರು ಕರಣೆ ಕೆಳಗಿಟ್ಟರು. ಚಲುವಮ್ಮ ಸೀರೆ ಎತ್ತಿ ಕಟ್ಟಿ ಮೋರಿಗಿಳಿದಳು. ಎರಡೂ ಕೈಯಲ್ಲಿ ಹೊಸ್ತಿಲನ್ನು ಕಿತ್ತಳು. ಕೆಳಮುಖ ಕಪ್ಪಾಗಿ ಕೊಳೆತಿತ್ತು. ಒಂದು ತುದಿ ಕೈಯಲ್ಲೇ ಉದುರಿತು.

ರಾಮಣ್ಣ ಓಡಿ ಬಂದ. ತಪ್ಪಾಯ್ತು ಎಂದು ಒಂದು ಮಾತು ಅಂದಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಅವನು ಅಂದದ್ದೇ ಬೇರೆ.

"ಒಂದ್ ಮರದ್ ತುಂಡಿಗೆ ಇಷ್ಟು ರಂಪಾನಾ? ತಗಂಡೋಗು, ಯಾರ್ ಬ್ಯಾಡಂದ್ರು? ಲೇ, ಹಂಗೆಲ್ಲಾ ಎಳೀಬ್ಯಾಡ್ವೇ, ಹೆಬ್ಬೆಟ್ಟಿಗೆ ಗಾಯ ಮಾಡ್ಕಂಡೀಯ!"

ಹೊಸ್ತಿಲನ್ನು ನಲ್ಲಿ ನೀರಲ್ಲಿ ತೊಳೆದು, ಗೋಣಿಚೀಲದಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಚಲುವಮ್ಮ ಬಸ್‌ಸ್ಟಾಪಿಗೆ ನಡೆದಳು. ಕಂಡಕ್ಟರು ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಟಿಕೆಟ್ಟಷ್ಟೇ ಹರಿದುಕೊಟ್ಟ.

ಶಿವಯ್ಯ ಹೊಸ್ತಿಲಿಗೆ ಉಳಿಯ ತುದಿ ಚುಚ್ಚಿ ನೋಡಿದ. ಬೆಣ್ಣೆಗೆ ಇಳಿದಂತೆ ಇಳಿಯಿತು. ತಲೆ ಅಲ್ಲಾಡಿಸಿ, "ಇದು ಕಡಿಯಾಕೆ ಬರಲ್ಲ ಕಣೇ," ಅಂದ.

"ಕುಡಿಸ್ರಿ."

ಕಾಸನ್ನು ಬಿಡಿಸಿ ದೇವರ ಮುಂದಿಟ್ಟು, ಹೊಸ್ತಿಲನ್ನು ಉದ್ದುದ್ದ ಕುಯ್ಯಿಸಿ, ಪೂರ್ತಿ ಪುಡಿಯಾದದ್ದನ್ನು ಬಿಟ್ಟು ಉಳಿದ ತುಂಡುಗಳನ್ನೆಲ್ಲ ಅರಸೀಕೆರೆಗೆ ಅವಳೇ ಒಯ್ದಳು. ಇಂದುಧರ ಮೂಸಿ ನೋಡಿ ಮುಖ ಕಿವುಚಿದ. "ಚಲುವಮ್ಮಾರೇ, ನೀರು ಕುಡಿದಿರೋ ಮರ ಔಷಧಿ ಕುಡಿಯಲ್ಲ. ಮೊದ್ಲು ಇದನ್ನ ಒಣಗಿಸ್ಬೇಕು. ಇಂಥದ್ದರಲ್ಲಿ ಪೆನ್ನು ಮಾಡಿ ಯಾರಿಗೆ ಕೊಡ್ತೀರ?"

"ಯಾರಿಗೂ ಇಲ್ಲ. ಒಣಗ್ಸಿ."

ಒಣಗಿಸಿದ, ಕುಡಿಸಿದ, ಕಾಯಿಸಿದ. ತುಂಡುಗಳು ಮನೆಗೆ ಬಂದಾಗ ಒಂದನ್ನೊಂದು ಬಡಿದರೆ ಟಣ್ ಅನ್ನುತ್ತಿದ್ದವು. ಶಿವಯ್ಯ ಮೊದಲನೆಯದನ್ನು ಬಹಳ ಎಚ್ಚರಿಕೆಯಿಂದ ಕಡೆದ. ಕಡೆದು ಮಿಷನ್ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ನಾಳಿದ್ದು ರಾಮಣ್ಣ ಬತ್ತೀನಿ ಅಂತ ಹೇಳಿ ಕಳ್ಸವ್ನೆ. ನಿನ್ ಬೆರಳಲ್ಲಿ ಗೆರೆ ಬಂದೈತೆ. ಇದನ್ನ ನಾನೇ ಉಜ್ಜಲಾ?"

"ನೀವ್ ಉಜ್ಜಿದ್ ಸೌತೇಕಾಯಿ ನೋಡಿದ್ದೀನಿ. ಈ ಕಡೆ ಬನ್ನಿ."

ಚಲುವಮ್ಮ ಹೆಬ್ಬೆಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ಕೊನೇ ಸಲ ನೋಡಿದಳು. ಸುರುಳಿ ಸುರುಳಿ ಗೆರೆಗಳು, ಎಳೆ ಮಕ್ಕಳ ಬೆರಳಿನ ಹಾಗೆ. ಇದನ್ನು ಯಾರಿಗಾಗಿ ಎಣ್ಣೆ ಹಾಕಿ ಬೆಳೆಸಿದೆ ಎಂದು ನೆನೆದರೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎಲ್ಲಕ್ಕಿಂತ ಒರಟು ಪೇಪರು ಎತ್ತಿಕೊಂಡು ಮಿಷನ್ ಹಾಕಿದಳು.

ಒರಟು ಪೇಪರಿಗೆ ಮೇಲಿನ ಕಪ್ಪು ಹೋಯಿತು. ಅದರ ಮುಂದಿನದಕ್ಕೆ ಮರದ ಎಳೆ ಕಂಡಿತು. ವಾಟರ್ ಪೇಪರಿಗೆ ಬರುವ ಹೊತ್ತಿಗೆ ಎಳೆಗಳ ಸಂದಿಯಲ್ಲಿ, ಹುಳ ಕೊರೆದ ಸಣ್ಣ ತೂತುಗಳಲ್ಲಿ, ಹಳದಿ ಕಾಣಿಸಿತು. ಅಲ್ಲಲ್ಲಿ ಕೆಂಪು. ಅವ್ವ ದಿನಾ ಬಳಿದ ಅರಿಶಿನ ಕುಂಕುಮ ಮರದೊಳಕ್ಕೆ ಇಳಿದು, ಮೋರಿಯ ನೀರಿಗೂ ತೊಳೆದುಹೋಗದೆ, ಔಷಧಿಯ ಜೊತೆ ಗಟ್ಟಿಯಾಗಿ ಕೂತಿತ್ತು. ಚಲುವಮ್ಮನಿಗೆ ಅಳು ಬಂತು. ಅಳುವಿನ ಜೊತೆಗೇ ಇನ್ನಷ್ಟು ಸಿಟ್ಟು ಬಂತು. ಎರಡಕ್ಕೂ ಕೈ ನಿಲ್ಲಿಸಲಿಲ್ಲ. ಸಿಟ್ಟಿನಲ್ಲಿದ್ದರೂ ಒಂದು ಪೆನ್ನನ್ನೂ ಬಿಸಿಯೇರಲು ಬಿಡಲಿಲ್ಲ. ಮಾರನೇ ದಿನವೂ ಹಾಗೇ ಉಜ್ಜಿದಳು.

ರಾಮಣ್ಣ ಜೀಪು ಮಾಡಿಕೊಂಡು ಬಂದ. ಚಲುವಮ್ಮ ಮನೆಯ ಬಾಗಿಲಲ್ಲಿ, ಬೆಳಕಿಗೆ ಮುಖ ಮಾಡಿ ಕೂತು ಪೆನ್ನೊಂದನ್ನು ಕೊನೆಯ ಹೊಳಪಿಗೆ ತಿಕ್ಕುತ್ತಿದ್ದಳು.

"ಥೂ, ಮತ್ತೆ ಅದೇ ಕೆಲ್ಸಾನಾ? ಎಲ್ಲಿ, ಹೆಬ್ಬೆಟ್ಟು ತೋರ್ಸು!"

ಅವಳು ಹೆಬ್ಬೆಟ್ಟು ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಕೈಲಿದ್ದ ಪೆನ್ನಿನಷ್ಟೇ ನುಣ್ಣಗಿತ್ತು.

ರಾಮಣ್ಣನ ಮುಖ ಕೆಂಪಾಯಿತು. "ಬೇಕಂತ್ಲೇ ಮಾಡಿದ್ಯಾ?"

"ಹೂಂ ಕಣೋ, ಬೇಕಂತ್ಲೇ ಮಾಡ್ದೆ. ಹೊಸ್ಲು ಕೊಡು, ಬೇರೇನೂ ಬ್ಯಾಡ ಅಂದೆ. ನೀನು ಅದನ್ನ ಮೋರಿಗ್ ಹಾಕ್ದೆ. ನನ್ ಮಾತೂ ಅದ್ರ ಜೊತೆ ಮೋರಿಗ್ ಹೋಯ್ತು. ಈಗ ಪಾಲು ಕೇಳ್ತೀನಿ. ಮನೆ ಜಾಗದಲ್ಲಿ ಅರ್ಧ, ರೋಡ್ ಕಡೆ ಜಮೀನಲ್ಲಿ ಅರ್ಧ. ಹಂಗಂತ ಪತ್ರ ಬರೆಸ್ಕೊಂಡ್ ಬಾ, ಅವತ್ತು ಉಜ್ಜೋದು ಬಿಡ್ತೀನಿ."

"ಏನ್ ಭಾವ, ನೋಡ್ಕೊಂಡು ನಿಂತಿದ್ದೀರಲ್ಲ, ನಿಮ್ಮೆಂಡ್ತಿಗೆ ಒಂದ್ ಮಾತು ಹೇಳಬಾರ್ದಾ?" ರಾಮಣ್ಣ ಶಿವಯ್ಯನ ಕಡೆ ತಿರುಗಿದ.

"ನಾನ್ ಕಡಿಯೋನು ಭಾವ," ಅಂದ ಶಿವಯ್ಯ. "ಉಜ್ಜೋದೆಲ್ಲ ಅವಳ್ದೇ."

"ಎಷ್ಟ್ ದಿನ ಅಂತ ಉಜ್ತೀಯೇ? ನಾನೂ ನೋಡ್ತೀನಿ!"

ಚಲುವಮ್ಮ ಪಕ್ಕದ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಕಡೆಯದೆ ಉಳಿದ ತುಂಡುಗಳು ಬುಟ್ಟಿಯ ತುಂಬ ಇದ್ದವು. "ಅವ್ವನ ಹೊಸ್ಲು ಉದ್ದ ಇತ್ತು ಕಣೋ. ಇದು ಮುಗಿದ್ರೆ ಇಂದುಧರ ಬೇರೆ ಮರ ಕೊಡ್ತಾನೆ."

ರಾಮಣ್ಣ ಒಂದು ಮೆಟ್ಟಿಲು ಹತ್ತಿದ. ಒಳಗೆ ನುಗ್ಗಿ ಬೈಯಬೇಕೋ, ಜೀಪಿಗೆ ಹಿಂದಿರುಗಬೇಕೋ ತಿಳಿಯದೆ ನಿಂತ. ಅವನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಇನ್ನೊಂದು ಕಾಲು, ಚಪ್ಪಲಿ ಸಮೇತ, ಚಲುವಮ್ಮ ಬೆಳಗ್ಗೆ ಕುಂಕುಮವಿಟ್ಟಿದ್ದ ಹೊಸ್ತಿಲ ಮೇಲಿತ್ತು.

ಚಲುವಮ್ಮ ಆ ಕಾಲನ್ನು ನೋಡಿದಳು. ಈ ಸಲ ಅವಳು ಕೂಗಲಿಲ್ಲ.

"ಹೊಸ್ಲಿಂದ ಕಾಲ್ ತೆಗಿ," ಅಂದಳು.

ರಾಮಣ್ಣ ಕೆಳಗೆ ನೋಡಿ ಕಾಲು ತೆಗೆದ.